ಉಳಿದರ್ಧ

ಅವರ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಫಾದರ್, "ಇವರೊಬ್ಬ ಆದರ್ಶ ಕ್ರೈಸ್ತ" ಎಂದರು. ಮೈಕು ಚೆನ್ನಾಗಿತ್ತು, ಮಾತು ಕೊನೆಯ ಬೆಂಚಿನವರೆಗೂ ಬಂತು. ಕೊನೆಯ ಬೆಂಚಿನಲ್ಲಿ ಕೂತಿದ್ದವನು ನಾನು. ನನಗೆ ಪರಿಚಯವಾದಾಗ ಅವರು ಬರೀ ಕ್ರೈಸ್ತರಾಗಿದ್ದರು. ಆದರ್ಶ ಸೇರಿಕೊಂಡದ್ದು ಕೊನೆಯ ಏಳೆಂಟು ವರ್ಷಗಳಲ್ಲಿ. ಅದು ಹೇಗೆ ಸೇರಿಕೊಂಡಿತು ಎಂಬುದು ಮುಂದಿನ ಸಾಲಿನಲ್ಲಿ ಕಣ್ಣೀರಿಲ್ಲದೆ ಕೂತಿದ್ದ ಅವರ ಒಬ್ಬಳೇ ಮಗಳಿಗೆ ಗೊತ್ತು. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ನನಗೆ ಸ್ವಲ್ಪ ಗೊತ್ತು.

ಸತ್ತವರ ಬಗ್ಗೆ ಬರೆಯಲು ಕೂತಾಗ ನೆನಪು ತೀರಾ ವಿಧೇಯವಾಗಿಬಿಡುತ್ತದೆ. ಕೂರು ಎಂದಲ್ಲಿ ಕೂರುತ್ತದೆ, ಅಳು ಎಂದರೆ ಅಳುತ್ತದೆ. ನನಗೆ ಅದರ ಮೇಲೆ ನಂಬಿಕೆಯಿಲ್ಲ. ಆದ್ದರಿಂದ ಸಂಶಯವಿರುವ ಕಡೆ ಸಂಶಯವನ್ನು ಹಾಗೇ ಬಿಡುತ್ತೇನೆ.

ಅವರದು ಹುಣಸೂರಿನಲ್ಲಿ ಡ್ರೈವಿಂಗ್ ಸ್ಕೂಲು. ಊರಿಗೆಲ್ಲ ಅವರು ಮೇಷ್ಟ್ರು. ಅಂಗಡಿಯ ಬೋರ್ಡಿನ ಮೇಲೆ ಒಬ್ಬ ಸಂತರ ಹೆಸರು, ಹೆಸರಿನ ಪಕ್ಕದಲ್ಲಿ ಆ ಸಂತರ ಚಿತ್ರ: ಗಡ್ಡದ ಗಂಡಸೊಬ್ಬ ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು ತುಂಬಿದ ಹೊಳೆ ದಾಟುತ್ತಿದ್ದಾನೆ. ಲೈಸೆನ್ಸಿಗೆಂದು ಬರುತ್ತಿದ್ದ ಸುತ್ತಲ ಹಳ್ಳಿಯ ರೈತರು ಅದನ್ನು ಕೃಷ್ಣನನ್ನು ಹೊತ್ತ ವಸುದೇವ ಎಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. ಮೇಷ್ಟ್ರು ತಿದ್ದುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದೆ, ನಿಜವಾಗಿ ಇವರು ಯಾರು ಎಂದು.

"ರೋಡಿನೋರು ಕಣ್ರೀ. ಪ್ರಯಾಣದೋರು."

"ಏನು ಮಾಡಿದ್ರು?"

"ನೋಡಿದ್ರೆ ಗೊತ್ತಾಗಕ್ಕಿಲ್ವಾ? ಹೊಳೆ ದಾಟಿಸಿದ್ರು. ಇನ್ನೇನ್ ಮಾಡ್ಬೇಕಾಗಿತ್ತು ಪಾಪ."

ಅವರ ಧರ್ಮಜ್ಞಾನದ ಆಳ ಅಷ್ಟು. ಆದರೆ ಅದರ ಅಗಲಕ್ಕೆ ಕೊನೆಯಿರಲಿಲ್ಲ. ಕಾರಿನ ಕನ್ನಡಿಗೆ ಜಪಸರ, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ. ಆಯುಧಪೂಜೆಯ ದಿನ ಮೂರು ಕಾರುಗಳ ಮುಂದೆಯೂ ಬೂದುಗುಂಬಳ ಒಡೆಯುತ್ತಿದ್ದರು, ಮತ್ತೊಂದು ದಿನ ಫಾದರನ್ನು ಕರೆಸಿ ತೀರ್ಥ ಚಿಮುಕಿಸುತ್ತಿದ್ದರು. ಕಾರು ಚಾಲೂ ಮಾಡುವ ಮುಂಚೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಹಣೆ, ಎದೆಯವರೆಗೆ ಕೈ ಸರಿಯಾಗಿ ಹೋಗುತ್ತಿತ್ತು. ಆಮೇಲೆ ಭುಜಗಳಿಗೆ ಹೋಗುವ ಬದಲು ಅದು ಮೇಲೆ ಬಂದು ಎರಡೂ ಗಲ್ಲಗಳನ್ನು ತಟ್ಟಿ ಇಳಿಯುತ್ತಿತ್ತು, ಆಂಜನೇಯನ ಗುಡಿಯ ಮುಂದೆ ಸ್ಕೂಟರ್ ನಿಧಾನ ಮಾಡಿದವರ ಕೈಯ ಹಾಗೆ.

ಭಾನುವಾರ ಅವರು ಚರ್ಚಿಗೆ ಹೋಗುತ್ತಿರಲಿಲ್ಲ. ಸರ್ಕಾರಿ ನೌಕರರಿಗೆ ಬಿಡುವಿರುವುದು ಅಂದೇ, ಹಾಗಾಗಿ ಬೆಳಗಿನಿಂದ ಕ್ಲಾಸು. ನಾನು ಕಲಿತದ್ದೂ ಭಾನುವಾರಗಳಲ್ಲೇ. ಚರ್ಚಿನ ಗೇಟಿನ ಮುಂದೆ ಹಾದುಹೋಗುವಾಗ, "ಹಾರ್ನ್ ಹೊಡೀಬೇಡಿ, ಒಳಗೆ ಪೂಜೆ ನಡೀತಾ ಅದೆ" ಎನ್ನುತ್ತಿದ್ದರು. ಅವರ ವಾರದ ಪೂಜೆ ಅಲ್ಲಿಗೆ ಮುಗಿಯುತ್ತಿತ್ತು.

ತಪ್ಪಿಸದೆ ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ, ವಿಭೂತಿ ಬುಧವಾರ. ಅಂದು ಹಣೆಗೆ ಬೂದಿಯಲ್ಲಿ ಶಿಲುಬೆ ಎಳೆಯುತ್ತಾರೆ. ಉಳಿದ ಯಾವ ಹಬ್ಬದ ಭಕ್ತಿಯೂ ಹೊರಗೆ ಕಾಣುವಂಥದಲ್ಲ, ಇದು ಕಾಣುತ್ತದೆ. ಮೇಷ್ಟ್ರು ಅದನ್ನು ಸಂಜೆಯವರೆಗೂ ಒರೆಸದೆ, ಬೆವರು ತಾಗದಂತೆ ಕಾಪಾಡಿಕೊಂಡು ಬಸ್ ಸ್ಟ್ಯಾಂಡಿನ ತನಕ ಎರಡು ಸಲ ಓಡಾಡಿ ಬರುತ್ತಿದ್ದರು. ಟೀ ಅಂಗಡಿಯವನು ಪ್ರತಿವರ್ಷ ಅದೇ ಪ್ರಶ್ನೆ ಕೇಳುತ್ತಿದ್ದ: "ಏನ್ ಮೇಷ್ಟ್ರೇ, ಲಿಂಗಾಯತರಾಗೋದ್ರಾ?"

"ಲೇ, ನಮ್ದು ತಲೆತಲಾಂತರದ್ದು ಕಣಲಾ" ಎಂದು ಅವರೂ ಪ್ರತಿವರ್ಷ ಹೇಳುತ್ತಿದ್ದರು.

ತಲೆತಲಾಂತರ ಅವರಿಗೆ ಬಹಳ ಪ್ರಿಯವಾದ ಪದ. ಊರಲ್ಲಿ ಶೀಟಿನ ಹಾಲೊಂದರಲ್ಲಿ ಸೇರಿ ಕಣ್ಣೀರಿಟ್ಟು ಚಪ್ಪಾಳೆ ತಟ್ಟಿ ಪ್ರಾರ್ಥಿಸುವ ಕೂಲಿ ಜನರಿದ್ದರು. ಹೆಂಗಸರು ದಿನಗೂಲಿ ಬಿಟ್ಟು ಉಪವಾಸ ಕೂರುತ್ತಿದ್ದರು. ಅವರನ್ನು ಕಂಡರೆ ಮೇಷ್ಟ್ರಿಗೆ ಮೂಗು ಮುರಿಯುವಷ್ಟು ಅಸಹ್ಯ. "ನಿನ್ನೆ ಮೊನ್ನೆ ಸ್ನಾನ ಮಾಡ್ದೋರು ಕಣ್ರೀ ಅವರು" ಎನ್ನುತ್ತಿದ್ದರು. ತಲೆಗೆ ನೀರು ಹಾಕಿ ಧರ್ಮಕ್ಕೆ ಸೇರಿಸಿಕೊಳ್ಳುವ ಜ್ಞಾನಸ್ನಾನವಾದವರೇ ಕ್ರೈಸ್ತರು. ಮೇಷ್ಟ್ರ ಲೆಕ್ಕದಲ್ಲಿ ಸ್ನಾನ ಹಳೆಯದಾದಷ್ಟೂ ಮೈ ಶುದ್ಧ.

ಪಾಠ ಹೇಳುವುದರಲ್ಲಿ ಅವರು ನಿರ್ದಯಿ. ಕಲಿಯುವವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಮೇಷ್ಟ್ರ ಕಾಲು ಅದರ ಮೇಲೆ ಬೇಕೆಂದೇ ತಡವಾಗಿ ಬೀಳುತ್ತಿತ್ತು, ನಮಗೆ ಎದೆ ಒಡೆದ ಮೇಲೆ. ಬಿಳಿಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಏರು. ಅಲ್ಲಿ ಎಂಜಿನ್ ಆಫ್ ಆಯಿತೆಂದರೆ ಹಿಂದಿನ ಲಾರಿಯವರು ಬೈಯುತ್ತಿದ್ದರೂ ಕಾರನ್ನು ಏರಿನ ಬುಡದವರೆಗೆ ಹಿಂದಕ್ಕೆ ಬಿಡಿಸಿ, "ಮೊದಲಿಂದ" ಎನ್ನುತ್ತಿದ್ದರು. ಇನ್ನೊಂದು ಮಾತಿಲ್ಲ. ಹೈಸ್ಕೂಲಿನ ಹೆಡ್‌ಮಿಸ್ ಒಬ್ಬರು ಆ ಏರಿನಲ್ಲಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತದ್ದನ್ನು ನಾನು ಹಿಂದಿನ ಸೀಟಿನಿಂದ ನೋಡಿದ್ದೇನೆ. ಅತ್ತು ಮುಗಿಯುವವರೆಗೆ ಕಾದು ಮೇಷ್ಟ್ರು ಹೇಳಿದ್ದು ಅದನ್ನೇ: "ಮೊದಲಿಂದ."

ಹೆಂಡತಿ ಇದ್ದ ಕಾಲದಲ್ಲಿ ಮನೆಯಲ್ಲಿ ಸಂಜೆ ಜಪಸರ ನಡೆಯುತ್ತಿತ್ತಂತೆ. ಆಕೆಯನ್ನು ನಾನು ನೋಡಿಲ್ಲ. ನಾವು ಬಾಡಿಗೆಗೆ ಬರುವ ಹೊತ್ತಿಗೆ ತೀರಿಕೊಂಡು ವರ್ಷಗಳಾಗಿದ್ದವು, ಮಗಳು ಮೈಸೂರಿನಲ್ಲಿ ಓದು ಮುಗಿಸಿ ಬಂದು ಇಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಜಪಸರದ ಕ್ರಮ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಒಂದೊಂದು ಮಣಿಗೂ ಒಂದು ಪ್ರಾರ್ಥನೆ, ಅದಕ್ಕೆ ಎರಡು ಭಾಗ. 'ನಮೋ ಮರಿಯಾ' ಎಂದು ಶುರುವಾಗುವ ಮೊದಲರ್ಧವನ್ನು ಒಬ್ಬರು ಹೇಳುತ್ತಾರೆ. 'ಸಂತ ಮರಿಯಾ' ಎಂಬಲ್ಲಿಂದ ಉಳಿದರ್ಧವನ್ನು ಸೇರಿದವರೆಲ್ಲ ಒಟ್ಟಿಗೆ ಹೇಳಿ ಮುಗಿಸುತ್ತಾರೆ. ಮೊದಲರ್ಧ ಹೇಳುವವರಿಗೆ ಪ್ರಾರ್ಥನೆ ಬರಬೇಕು. ಉಳಿದರ್ಧಕ್ಕೆ ತುಟಿ ಅಲ್ಲಾಡಿದರೆ ಸಾಕು.

ಮಗಳನ್ನು ಮೆಚ್ಚಿದ ಹುಡುಗ ಬಿಳಿಕೆರೆಯವನು. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ, ಸೊಪ್ಪು ಬೇಯಿಸುವ ಸ್ವಂತ ಬ್ಯಾರನ್, ತಂದೆಯಿಲ್ಲ, ತಾಯಿ ಗಟ್ಟಿಗಿತ್ತಿ. ಗೂಡ್ಸ್ ಗಾಡಿಯ ಲೈಸೆನ್ಸಿಗೆಂದು ಮೇಷ್ಟ್ರ ಹತ್ತಿರ ಬಂದ. ಆ ಏರಿನಲ್ಲಿ ಮೊದಲ ದಿನವೇ ಎಂಜಿನ್ ಆಫ್ ಮಾಡದೆ ಹತ್ತಿಸಿದ. "ಕ್ಲಚ್ ಮೇಲೆ ಇಂಥ ಕಾಲು ನಾನು ನೋಡೇ ಇಲ್ಲ" ಎಂದು ಮೇಷ್ಟ್ರು ನಮ್ಮ ಮೆಟ್ಟಿಲ ಮೇಲೆ ಕೂತು ಹೊಗಳಿದ್ದರು. ಲೈಸೆನ್ಸ್ ಬಂದ ಮೇಲೂ ಹುಡುಗ ಅಂಗಡಿಗೆ ಬರುವುದು ನಿಲ್ಲಲಿಲ್ಲ. ಲ್ಯಾಬು ಮುಗಿಸಿಕೊಂಡು ಸಂಜೆ ಅಲ್ಲಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬುತ್ತಿದ್ದವಳು ಮಗಳು. ಒಂದು ದಿನ ಅವನ ತಾಯಿ ಹಣ್ಣು ಹೂವು ಹಿಡಿದುಕೊಂಡು ಮನೆಗೇ ಬಂದಳು.

ಮೇಷ್ಟ್ರು ಒಲ್ಲೆ ಎನ್ನಲಿಲ್ಲ. ಒಲ್ಲೆ ಎಂದಿದ್ದರೆ ಅದೊಂದು ಸಾಮಾನ್ಯ ಕತೆಯಾಗಿ ಮುಗಿಯುತ್ತಿತ್ತು. ಅವರಿಗೆ ತಮ್ಮ ಧರ್ಮ ಮೊದಲ ಸಲ ಬೆಲೆಬಾಳುವ ವಸ್ತುವಿನಂತೆ ಕಂಡಿತೆಂದು ತೋರುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂತು ಹೇಳಿದರು: "ನಮ್ಮಲ್ಲಿ ಅಂಗೆಲ್ಲ ಸುಮ್ನೆ ಹೆಣ್ಣು ಕೊಡಕ್ಕಿಲ್ಲ ತಾಯಿ. ಹುಡುಗ ಎಲ್ಲ ಪ್ರಾರ್ಥನೆ ಕಲೀಬೇಕು. ಫಾದರ್ ಮುಂದೆ, ನಮ್ಮೋರ ಮುಂದೆ ಒಪ್ಪಿಸ್ಬೇಕು. ಆಮೇಲೆ ಸ್ನಾನ, ಆಮೇಲೆ ಮದುವೆ."

"ಕಲೀತಾನೆ ಬುಡಿ" ಎಂದಳು ತಾಯಿ. "ನಿಮ್ ದೇವ್ರು ಕನ್ನಡದಾಗೆ ತಾನೆ ಮಾತಾಡೋದು?"

ಹುಡುಗ ಕಲಿತ. ಬ್ಯಾರನ್ನಿಗೆ ಸೌದೆ ಒಟ್ಟಿ, ಸೊಪ್ಪು ಕಟ್ಟಿ, ಆಮೇಲೆ ಮೊಪೆಡ್ ಹತ್ತಿಕೊಂಡು ಚರ್ಚಿನ ಉಪದೇಶಿಯ ಮನೆಗೆ ಬರುತ್ತಿದ್ದ. ಹೊಗೆಸೊಪ್ಪಿನ ಅಂಟು ಎಷ್ಟು ತೊಳೆದರೂ ಬೆರಳು ಬಿಡುವುದಿಲ್ಲ. ಉಪದೇಶಿ ಎರವಲು ಕೊಟ್ಟ ಪ್ರಾರ್ಥನೆ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು ಎಂದು ಉಪದೇಶಿಯೇ ನಗುತ್ತ ಹೇಳಿದ್ದ. ಆ ತಿಂಗಳುಗಳಲ್ಲಿ ಮಗಳು ಮೆಟ್ಟಿಲು ಹತ್ತುವಾಗ ಏನೋ ಗುನುಗುತ್ತಿದ್ದಳು. ಇದು ನನ್ನ ನೆನಪಲ್ಲ, ನನ್ನ ಹೆಂಡತಿಯದು. ನನಗೆ ಕೇಳಿಸಿದ್ದಿಲ್ಲ.

ಒಪ್ಪಿಸುವ ದಿನ ಗೊತ್ತಾಯಿತು, ಒಂದು ಭಾನುವಾರದ ಮಧ್ಯಾಹ್ನ. ಮೇಷ್ಟ್ರ ಅಕ್ಕ ಮೈಸೂರಿನಿಂದ ಬಂದರು. ಹೊಸದಾಗಿ ಬಂದಿದ್ದ ಹರೆಯದ ಫಾದರ್ ಬಂದರು. ಸಾಕ್ಷಿಗಿರಲಿ ಎಂದು ಮೇಷ್ಟ್ರು ನನ್ನನ್ನೂ ಕರೆದರು. ಹುಡುಗ ಬಿಳಿ ಅಂಗಿ ಹಾಕಿಕೊಂಡು ತಾಯಿಯ ಪಕ್ಕ ಕೂತಿದ್ದ. ಮೇಷ್ಟ್ರು ಪರೀಕ್ಷಾಧಿಕಾರಿಯ ಗತ್ತಿನಲ್ಲಿದ್ದರು. ಹುಡುಗ ಒಂದಾದ ಮೇಲೊಂದು ಒಪ್ಪಿಸಿದ, ವಿಶ್ವಾಸದ ದೊಡ್ಡ ಪ್ರಾರ್ಥನೆಯನ್ನೂ ಒಂದೇ ಉಸಿರಿಗೆ ಹೇಳಿದ. ಮೇಷ್ಟ್ರು ಗೊತ್ತಿದ್ದವರಂತೆ ತಲೆದೂಗುತ್ತಿದ್ದರು, ಮಾತು ಮುಗಿಯುವ ಮೊದಲೇ ಕೆಲವೊಮ್ಮೆ.

ಫಾದರಿಗೆ ಸಂತೋಷವಾಯಿತು. ಅವರಲ್ಲಿ ಯಾವ ಕಪಟವೂ ಇರಲಿಲ್ಲ. "ಇಂಥ ಒಳ್ಳೆ ದಿನ ಎಲ್ಲ ಸೇರಿ ಜಪಸರ ಮಾಡೋಣ. ಮನೆ ಯಜಮಾನರೇ ಶುರು ಮಾಡ್ಲಿ" ಎಂದು ತಮ್ಮ ಜೇಬಿನ ಜಪಸರ ತೆಗೆದು ಮೇಷ್ಟ್ರ ಕೈಗೆ ಕೊಟ್ಟರು.

ಎಲ್ಲರೂ ಮಂಡಿಯೂರಿದರು. ನಾನು, ಹುಡುಗನ ತಾಯಿ ಗೋಡೆಗೆ ಸರಿದು ಕೂತೆವು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ನಮೋ..." ಎಂದರು.

ಮುಂದೆ ಬರಲಿಲ್ಲ. ಅವರ ಮುಖ ನೋಡಿದೆ. ಅಲ್ಲಿ ಗಾಬರಿಗಿಂತ ಮೊದಲು ಕಾಣಿಸಿದ್ದು ಒಂದು ಕಾಯುವಿಕೆ. ಎಷ್ಟೋ ವರ್ಷ ಹೆಂಡತಿಯ ಬಾಯಲ್ಲಿ ಆ ಸದ್ದು ಶುರುವಾಗಿ ಮುಗಿಯುವವರೆಗೆ ತೂಕಡಿಸುತ್ತ, ತಮ್ಮ ಸರದಿ ಬಂದಾಗ ಉಳಿದರ್ಧವನ್ನು ಗೊಣಗಿದವರು ಅವರು. ಈಗಲೂ ಯಾರೋ ಅದನ್ನು ಮುಗಿಸುತ್ತಾರೆಂದು ಕಾದರು.

ಇಲ್ಲಿ ನನ್ನ ನೆನಪಿನ ಜೊತೆ ಬೇರೆಯವರ ನೆನಪು ಜಗಳಕ್ಕೆ ಬರುತ್ತದೆ. ಹುಡುಗ ಮೆಲ್ಲಗೆ, ಪರೀಕ್ಷೆಯಲ್ಲಿ ಪಕ್ಕದವನಿಗೆ ಹೇಳಿಕೊಡುವ ದನಿಯಲ್ಲಿ, "ಮರಿಯಾ" ಎಂದದ್ದು ನನಗೆ ಕೇಳಿಸಿತು. ಅವನು ಬಾಯಿ ಬಿಡಲಿಲ್ಲ, ತುಟಿ ಮಾತ್ರ ಅಲ್ಲಾಡಿತು ಎಂದು ಮಗಳು ಹೇಳುತ್ತಾಳೆ. ವರ್ಷಗಳ ಮೇಲೆ ಹುಡುಗನನ್ನೇ ಕೇಳಿದಾಗ, "ನಾನೇನೂ ಯೋಳ್ಲಿಲ್ಲ ಸಾರ್, ಗಂಟ್ಲಾಗೆ ಕಫ ಇತ್ತು, ಕೆಮ್ಮಿದೆ ಅಷ್ಟೇಯ" ಎಂದ. ಮೂರರಲ್ಲಿ ಯಾವುದಾದರೂ ಆಗಿರಲಿ, ಮೇಷ್ಟ್ರಿಗೆ ಕೇಳಿಸಿದ್ದು ಪದವೇ. ಏಕೆಂದರೆ ಅವರು ಅದನ್ನು ಎತ್ತಿಕೊಂಡು "ನಮೋ ಮರಿಯಾ" ಎಂದರು. ಎಂದವರು ಅಲ್ಲಿಂದ ಒಂದೇ ನೆಗೆತಕ್ಕೆ ತಮಗೆ ಬರುತ್ತಿದ್ದ ಜಾಗಕ್ಕೆ ಹಾರಿ, "ಸಂತ ಮರಿಯಾ" ಎಂದು ಉಳಿದರ್ಧವನ್ನು ಗಡಗಡ ಮುಗಿಸಿಬಿಟ್ಟರು.

ಆಮೇಲೆ ಅಕ್ಕ ಅಂದರು: "ನೋಡಿ ಫಾದರ್, ನಮ್ ತಮ್ಮನಿಗೆ ಫಸ್ಟ್ ಗೇರೇ ಬೀಳಲ್ಲ. ಸೀದಾ ಸೆಕೆಂಡಿಗೇ ಹಾಕ್ತಾನೆ."

ಫಾದರ್ ನಕ್ಕರು. ನಾನು ನಕ್ಕೆ. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗದೆ ಉಳಿದವನು ಹುಡುಗ. ಅವನು ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಮೇಷ್ಟ್ರಿಗೆ ನಕ್ಕವರನ್ನೆಲ್ಲ ಕ್ಷಮಿಸುವುದು ಸಾಧ್ಯವಿತ್ತೇನೋ. ತಲೆ ತಗ್ಗಿಸಿದವನನ್ನು ಕ್ಷಮಿಸಲು ಆಗಲಿಲ್ಲ.

ಫಾದರ್ ಜಪಸರವನ್ನು ಹುಡುಗನಿಗೆ ಕೊಟ್ಟರು. ಹುಡುಗ ಮೊದಲರ್ಧ ಹೇಳಿದ, ಮನೆಯವರು ಉಳಿದರ್ಧ ಹೇಳಿದರು. ಮೇಷ್ಟ್ರು ಆಗ ಉಳಿದರ್ಧವನ್ನೂ ಹೇಳಲಿಲ್ಲ.

ಕಾಫಿ ಆದ ಮೇಲೆ ಅವರು ಹುಡುಗನ ತಾಯಿಗೆ ಹೇಳಿದರು: "ಹುಡುಗ ಒಳ್ಳೇನೆ ತಾಯಿ. ನಮ್ಗೆ ಹೊಂದಕ್ಕಿಲ್ಲ."

"ಯಾಕ್ ಸ್ವಾಮಿ? ನೀವು ಯೋಳಿದ್ದೆಲ್ಲ ಕಲ್ತವ್ನಲ್ಲ."

"ಕಲ್ತೋನು ಕಲ್ತೋನೇ. ಹುಟ್ಟಿದೋನು ಹುಟ್ಟಿದೋನೇ."

ಆಕೆ ಲೋಟ ಕೆಳಗಿಟ್ಟಳು. "ಸರಿ ಕಣಪ್ಪ. ನೀವು ಹುಟ್ಟಿದೋರೇಯ. ಮತ್ಯಾಕೆ ಬಾಯಿಗೆ ಬರ್ನಿಲ್ಲ?"

ಮೇಷ್ಟ್ರು ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಹೋಗಿ ಎನ್ನಲಿಲ್ಲ, ಬರೀ ನಿಂತರು. ಫಾದರ್ ಏನೋ ಹೇಳಲು ಹೋದರು. "ಇದು ಮನೆ ವಿಚಾರ ಫಾದರ್" ಎಂದರು. ತಾಯಿ ಮಗನ ತೋಳು ಹಿಡಿದಳು. "ಏಳ್ಲಾ ಮಗ. ಇಷ್ಟು ಕಲ್ತೋನ್ನೇ ಬ್ಯಾಡ ಅಂದೋರ ಮನೆ ಹೊಸಿಲು ಇನ್ನೊಂದಪ ತುಳೀಬ್ಯಾಡ."

ಅವನು ತುಳಿಯಲಿಲ್ಲ. ಮಗಳು ಅವನ ಫೋನು ಎತ್ತುತ್ತಿದ್ದಳು, ರಿಜಿಸ್ಟರ್ ಆಫೀಸಿಗೆ ಹೋಗೋಣ ಎಂದು ಅವನು ಕರೆದದ್ದೂ ಹೌದು. ಒಂದು ಹೊಗೆಸೊಪ್ಪಿನ ಸುಗ್ಗಿ ಪೂರ್ತಿ ಕಾದ. ಅವಳು ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ನನ್ನ ಹೆಂಡತಿ ಕೇಳಿದಾಗ ಅವಳು ಕೊಟ್ಟ ಉತ್ತರವನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೇನೆ, ಹಾಗಾಗಿ ಇದರ ಬಗ್ಗೆ ಸಂಶಯವಿಲ್ಲ.

"ನಾನು ಹೋದ್ರೆ ಅಪ್ಪನಿಗೆ ಸುಲಭ ಆಗೋಗುತ್ತೆ ಅಕ್ಕ. ಮಗಳು ಓಡೋದ್ಲು ಅಂತ ಊರೆಲ್ಲ ಅಳ್ಕೊಂಡು ತಿರುಗ್ತಾರೆ. ಎಲ್ಲರೂ ಪಾಪ ಅಂತಾರೆ. ನಾನ್ಯಾಕೆ ಅಷ್ಟು ಒಳ್ಳೇದು ಮಾಡ್ಲಿ?"

ಹುಡುಗನಿಗೆ ಆಮೇಲೆ ಮಿರ್ಲೆಯ ಕಡೆಯ ಹೆಣ್ಣು ತಂದರು. ಅವನು ಕಲಿತದ್ದು ಮಾತ್ರ ಅವನನ್ನು ಬಿಡಲಿಲ್ಲ. ಬಿಳಿಕೆರೆಯ ಬಂಕಿನಲ್ಲಿ ಸಿಕ್ಕಾಗ ಅವನೇ ಹೇಳಿದ: "ಟ್ರಾಕ್ಟರ್ ಮೇಲೆ ಕೂತ್ರೆ ತಾನಾಗೇ ಬಾಯಿಗೆ ಬತ್ತದೆ ಸಾರ್. ನಮ್ಮ ಎಂಡ್ತಿ ಕೇಳಿಸ್ಕೊಂಡು ಎರಡ್ ದಿನ ಮಾತು ಬುಟ್ಟಿದ್ಲು. ಯಾರದು ಮರಿಯಾ ಯೋಳಿ ಮೊದ್ಲು ಅಂತ."

ಒಪ್ಪಿಸಿದ ದಿನದ ಸಂಜೆಗೆ ವಾಪಸ್ ಬರುತ್ತೇನೆ. ಅಕ್ಕ ಮೈಸೂರಿನ ಬಸ್ ಹತ್ತಿದ ಮೇಲೆ ಮಗಳು ತಾಯಿಯ ಹಳೆಯ ಜಪಸರವನ್ನು ಹುಡುಕಿ ತಂದು ಮೇಣದಬತ್ತಿ ಹಚ್ಚಿದಳು. ಚಿಕ್ಕಂದಿನಿಂದ ಅಪ್ಪನನ್ನು ನೀನು ಎಂದೇ ಮಾತಾಡಿಸಿದವಳು. ಅಂದು ಕೆಳಗಿನಿಂದ ಸ್ಪಷ್ಟವಾಗಿ ಕೇಳಿದ್ದು: "ಅಪ್ಪಾ, ನೀವು ಶುರು ಮಾಡಿ."

ಅದಾದ ಮೇಲೆ ಅವರಿಗೆ ಮಗಳ ಬಾಯಲ್ಲಿ ಏಕವಚನ ಸಿಗಲಿಲ್ಲ. ನೀವು ಕೂತ್ಕೊಳಿ, ನೀವು ಊಟ ಮಾಡಿ, ನೀವು ಶುರು ಮಾಡಿ. ಬಂದವರೆಲ್ಲ ಎಂಥ ಗೌರವ ಎಂದರು. ಮೇಷ್ಟ್ರಿಗೆ ಮಾತ್ರ ಆ ಗೌರವ ಪ್ರತಿಸಲವೂ ಚುಚ್ಚಿದ್ದು ಮುಖದಲ್ಲಿ ಕಾಣುತ್ತಿತ್ತು.

ಪುಸ್ತಕ ನೋಡಿ ಹೇಳುವ ಹಾಗಿರಲಿಲ್ಲ, ಪುಸ್ತಕ ಅವಳ ಕೈಯಲ್ಲಿ. ಮೊದಲರ್ಧದಲ್ಲಿ ಒಂದು ಪದ ತಪ್ಪಿದರೂ ನಮ್ಮ ನೆಲದಡಿಯಿಂದ ಅವಳ ದನಿ ಬರುತ್ತಿತ್ತು: "ಮೊದಲಿಂದ." ಮೊದಲ ಮಣಿಗೆ ಹಿಂದಿರುಗಬೇಕು. ಮುಗಿಯುವವರೆಗೆ ಒಲೆಯ ಮೇಲಿನ ಪಾತ್ರೆ ಕೆಳಗಿಳಿಯುತ್ತಿರಲಿಲ್ಲ. ಮೊದಮೊದಲು ಮೇಷ್ಟ್ರು ಸಂಜೆಯಾದೊಡನೆ ಕ್ರಿಕೆಟ್ ನೋಡುವ ನೆಪದಲ್ಲಿ ಮಹಡಿಗೆ ಬಂದು ನಮ್ಮ ಕುರ್ಚಿಯಲ್ಲಿ ಕೂರುತ್ತಿದ್ದರು. ಅವಳು ಮೆಟ್ಟಿಲ ಬುಡದಲ್ಲಿ ನಿಂತು ಕರೆಯುತ್ತಿದ್ದಳು. ದನಿ ಎತ್ತರಿಸಿದ್ದನ್ನು ನಾನು ಕೇಳಿಲ್ಲ.

"ಕರೀತಾವ್ಳೆ" ಎನ್ನುತ್ತಿದ್ದರು ನನ್ನ ಮುಖ ನೋಡಿ.

"ಹೋಗಿ ಮೇಷ್ಟ್ರೇ" ಎನ್ನುತ್ತಿದ್ದೆ.

ಭಾನುವಾರದ ಕ್ಲಾಸು ನಿಂತಿತು. ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದಳು. ಶುಕ್ರವಾರ ಮಾಂಸ ಬಂದ್. ಪಿರಿಯಾಪಟ್ಟಣದ ರಸ್ತೆಯ ಅಂಗಡಿಯೊಂದರಿಂದ ಕೊಡಗಿನ ಖಾರ ಹಾಕಿದ ಹಂದಿಮಾಂಸ ಕಟ್ಟಿಸಿಕೊಂಡು ಬರುವುದು ಅವರ ಜೀವನದ ದೊಡ್ಡ ಸುಖವಾಗಿತ್ತು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಪೂರ್ತಿ ಅದೂ ಬಂದ್. ಒಮ್ಮೆ ಅಂಗಡಿಯಲ್ಲಿ ಕದ್ದು ತಿಂದು ಬಂದರು. ಅವಳು ಏನೂ ಕೇಳದೆ, "ಶನಿವಾರ ಪಾಪನಿವೇದನೆ ಇದೆ, ಫಾದರ್ ಹತ್ರ ಹೇಳಿ ಬನ್ನಿ" ಎಂದಳಂತೆ. ಆಯುಧಪೂಜೆಗೆ ತಂದಿಟ್ಟಿದ್ದ ಬೂದುಗುಂಬಳದಲ್ಲಿ ಮಜ್ಜಿಗೆಹುಳಿ ಮಾಡಿ ಬಡಿಸಿದಳು.

"ತಿಂಗಳಿಗೊಂದಪ ಏನ್ ಪಾಪ ಯೋಳ್ಲಿ ಕಣ್ರೀ" ಎಂದು ಮೇಷ್ಟ್ರು ನನ್ನ ಹತ್ತಿರ ಗೋಳಾಡಿದ್ದುಂಟು. "ಸ್ಟಾಕೇ ಇಲ್ಲ. ಯಾರಿಗೋ ಬೈದೆ ಅಂತೀನಿ. ಓದ ತಿಂಗಳೂ ಅದನ್ನೇ ಅಂದ್ಯಲ್ಲಪ್ಪ ಅಂತಾರೆ ಫಾದರು."

ಸ್ಟಾಕು ಮನೆಯಲ್ಲೇ ಇತ್ತು, ಅಡುಗೆ ಮಾಡಿ ಬಡಿಸುತ್ತಿತ್ತು. ಅದು ಅವರಿಗೆ ಪಾಪದ ಲೆಕ್ಕದಲ್ಲಿ ಹೊಳೆಯಲೇ ಇಲ್ಲ ಎಂಬುದು ನನ್ನ ಊಹೆ. ಹೊಳೆದೂ ಹೇಳದೆ ಬಂದಿರಲೂಬಹುದು. ಪಾಪನಿವೇದನೆಯ ಪೆಟ್ಟಿಗೆಯೊಳಗೆ ಮಾತಾಡಿದ್ದನ್ನು ಕೇಳಿದವರು ಹೊರಗೆ ಹೇಳುವಂತಿಲ್ಲ.

ನೋಡುನೋಡುತ್ತ ಅವರಿಗೆ ಎಲ್ಲವೂ ಬಾಯಿಪಾಠವಾಯಿತು. ಶಿಲುಬೆಯ ಗುರುತು ಗಲ್ಲ ಬಿಟ್ಟು ಭುಜಕ್ಕೆ ಬಂತು. ಚರ್ಚಿನ ಸಮಿತಿಗೆ ತೆಗೆದುಕೊಂಡರು. ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಮರದ ಶಿಲುಬೆಯನ್ನು ಹೊರಲು ಅವರ ಹೆಗಲನ್ನೇ ಆರಿಸಿದರು. ಬೆವರುತ್ತ, ಬರಿಗಾಲಲ್ಲಿ, ಡಾಂಬರು ಸುಡುವಾಗ ಕಾಲು ಎತ್ತೆತ್ತಿ ಇಡುತ್ತ ಅವರು ನಮ್ಮ ಬೀದಿಯಲ್ಲಿ ಹಾದುಹೋದಾಗ ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಪಕ್ಕದ ಮನೆಯಾಕೆ, "ಇಂಥ ತಂದೆ ಪಡೆಯೋಕೆ ಪುಣ್ಯ ಮಾಡಿರ್ಬೇಕು ಕಣಮ್ಮ" ಎಂದರು. ಮಗಳು ಹೌದೆಂದು ತಲೆಯಾಡಿಸಿದಳು.

ಅವರಿಗೆ ಭಕ್ತಿ ಬಂದಿತ್ತೇ ಎಂದು ಕೇಳಿದರೆ ಗೊತ್ತಿಲ್ಲ. ಭಕ್ತಿಯ ಎಲ್ಲ ಲಕ್ಷಣಗಳೂ ಬಂದಿದ್ದವು. ಒಂದು ಸಲ ಮಾತ್ರ ನನಗೆ ಅನುಮಾನವಾಯಿತು. ಮಗಳು ಲ್ಯಾಬಿನ ಕೆಲಸಕ್ಕೆ ಎಚ್.ಡಿ. ಕೋಟೆಗೆ ಹೋದವಳು ಬಸ್ಸು ಕೆಟ್ಟು ತಡವಾಗಿತ್ತು. ಸಂಜೆ ಕೆಳಗೆ ಯಾರೂ ಹೇಳಿಸುವವರಿಲ್ಲ. ಆದರೂ ಜಪಸರ ನಡೆಯಿತು. ನಡುವೆ ಎಲ್ಲೋ ಅವರು ತಪ್ಪಿದರು, ನಿಲ್ಲಿಸಿದರು. ಆಮೇಲೆ ಅವರ ದನಿಯೇ, "ಮೊದಲಿಂದ" ಎಂದಿತು.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತೂ ಹೋಯಿತು. ಪೂರ್ತಿ ಹೋಗಲಿಲ್ಲ. ನೀರು, ಅನ್ನ, ನೋವು, ಮಗಳ ಹೆಸರು, ಎಲ್ಲ ಅಳಿಸಿ, ದಿನಾ ತೇಯ್ದು ತೇಯ್ದು ಗಟ್ಟಿಯಾಗಿದ್ದ ಆ ಮೊದಲರ್ಧ ಮಾತ್ರ ಉಳಿಯಿತು. ಬಾಯಾರಿದರೆ "ನಮೋ ಮರಿಯಾ" ಎನ್ನುತ್ತಿದ್ದರು. ಹಾಸಿಗೆ ಒದ್ದೆಯಾದರೂ ಅದೇ. ಹೀಗೂ ಆಗುವುದುಂಟು, ನೂರಾರು ಸಲ ಹೇಳಿದ್ದು ಕೆಲವರಲ್ಲಿ ನಿಲ್ಲುತ್ತದೆ ಎಂದು ಮೈಸೂರಿನ ಡಾಕ್ಟರು ವಿವರಿಸಿದರು. ಚರ್ಚಿನವರಿಗೆ ವಿವರಣೆ ಬೇಕಿರಲಿಲ್ಲ. ತಂಡತಂಡವಾಗಿ ನೋಡಲು ಬಂದರು. ಮೇಷ್ಟ್ರು ಎಡಗೈ ಎತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು, ಚೊಂಬಿನ ಕಡೆ ನೋಡುತ್ತ "ನಮೋ ಮರಿಯಾ, ನಮೋ ಮರಿಯಾ" ಎನ್ನುವಾಗ ಹೆಂಗಸರು ಮಂಡಿಯೂರಿಬಿಡುತ್ತಿದ್ದರು. ಮೇಷ್ಟ್ರು ಇನ್ನೂ ಗಟ್ಟಿಯಾಗಿ ಕೂಗುತ್ತಿದ್ದರು. ಇವರು ಇನ್ನೂ ಭಕ್ತಿಯಿಂದ ಉಳಿದರ್ಧ ಹೇಳುತ್ತಿದ್ದರು. ಮಗಳು ಬರುವವರೆಗೆ ನೀರು ಸಿಗುತ್ತಿರಲಿಲ್ಲ.

ಅವಳಿಗೆ ಅರ್ಥವಾಗುತ್ತಿತ್ತು. ಯಾವ ನಮೋ ನೀರಿಗೆ, ಯಾವುದು ಮಗ್ಗುಲಿಗೆ ಎಂದು ದನಿಯಲ್ಲೇ ತಿಳಿಯುತ್ತಿದ್ದಳು. ಮೈ ತೊಳೆದು, ಹುಣ್ಣಾಗದಂತೆ ಹೊರಳಿಸಿ, ಬಟ್ಟೆ ಬದಲಾಯಿಸಿ ಒಂದು ಕೂದಲೂ ಕೊಂಕದಂತೆ ನೋಡಿಕೊಂಡಳು. ಅದರಲ್ಲಿ ಪ್ರೀತಿಯಿತ್ತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಾನು ಕಂಡದ್ದು ಕೆಲಸವನ್ನು. ಎಷ್ಟೋ ಸಲ ಅವರು ಮೊದಲರ್ಧವನ್ನು ಹೇಳಿ ಮುಗಿಸಿ ಅವಳ ಮುಖವನ್ನೇ ನೋಡುತ್ತ ಮಲಗಿರುತ್ತಿದ್ದರು. ಅವಳು ನೀರು ಕೊಟ್ಟು, ಬಾಯಿ ಒರೆಸಿ, ಒಳಗೆ ಹೋಗುತ್ತಿದ್ದಳು.

ಮಣ್ಣಾದ ದಿನ ಸಂಜೆ ಚರ್ಚಿನ ಹೆಂಗಸರು ಮನೆಗೆ ಬಂದು ಚಾಪೆ ಹಾಸಿಕೊಂಡು ಕೂತರು. ಮೈಸೂರಿನ ಅಕ್ಕ ಮೇಣದಬತ್ತಿ ಹಚ್ಚಿ, ಜಪಸರ ತಂದು ತಮ್ಮನ ಮಗಳ ಕೈಗಿಟ್ಟರು. "ನೀನೇ ಶುರು ಮಾಡೇ. ನಿಮ್ಮಪ್ಪಂಗೆ ಸಂತೋಷ ಆಗುತ್ತೆ."

ಮಗಳು ಜಪಸರವನ್ನು ಅತ್ತೆಯ ಮಡಿಲಲ್ಲೇ ಇಟ್ಟಳು. "ನಂಗೆ ಬರಲ್ಲ ಅತ್ತೆ."

"ಏನಂಗಂದ್ರೆ? ಇಷ್ಟು ವರ್ಷ ದಿನಾ ನಡೀತಿತ್ತಲ್ಲೇ ಈ ಮನೇಲಿ."

"ನಡೀತಿತ್ತು. ಅಪ್ಪನ ಕೈಲಿ ಹೇಳಿಸ್ತಿದ್ದೆ. ನಾನು ಒಂದು ದಿನಾನೂ ಹೇಳಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ದನಿ ತಗ್ಗಿಸಿ ಕೇಳಿದರು: "ಮತ್ತೆ ಉಳಿದರ್ಧ ಯಾರೇ ಹೇಳ್ತಿದ್ರು?"

"ಅದನ್ನೂ ಅವರೇ" ಎಂದಳು. "ಅದೊಂದು ಅವರಿಗೆ ಬರ್ತಿತ್ತಲ್ಲ."